ಗುಜರಿಗೆ ಹಾಕಿದ ಬೀಗ, ಪೇಟೆಯಿಂದ ತಂದ ಬೀಗ

ಆಫೀಸಿನ ಮೇಲ್ ಐಕಾನಿನ ಮೂಲೆಯಲ್ಲಿ ಪುಟ್ಟದೊಂದು ಬ್ರೀಫ್‌ಕೇಸ್ ಗುರುತು. ಬೆಂಗಳೂರಿನ ಮೆಟ್ರೊದಲ್ಲಿ ಪಕ್ಕದವರ ಆಂಡ್ರಾಯ್ಡ್ ಫೋನಿನತ್ತ ಕಣ್ಣು ಹಾಯಿಸಿದರೆ ಅದು ಕಂಡೀತು. ಆ ಗುರುತಿನ ಹಿಂದಿರುವುದೆಲ್ಲ ಕಂಪನಿಯದು. ಮಗುವಿನ ಫೋಟೊ, ನೆಂಟರ ವಾಟ್ಸ್‌ಆ್ಯಪ್ ಗುಂಪು ಗೋಡೆಯ ಈಚೆ. ಇಷ್ಟೊಂದು ಸರಳವಾದ ಗೋಡೆ ಏಳುವುದಕ್ಕೆ, ಮೊದಲ ಆಂಡ್ರಾಯ್ಡ್ ಫೋನು ಬಂದ 2008ರಿಂದ 2015ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತು ಯಾಕೆ ಹಿಡಿಯಿತೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಈಗ ಯಾರ ನೆನಪಿನಲ್ಲೂ ಇಲ್ಲದ ಒಂದು ಪುಟ್ಟ ಕಂಪನಿ.

ಆಗೆಲ್ಲ ಆಫೀಸಿನ ಫೋನೆಂದರೆ ಬ್ಲ್ಯಾಕ್‌ಬೆರಿ. ಅದರ ಗುಟ್ಟು ಎಷ್ಟು ಬಿಗಿಯಾಗಿತ್ತೆಂದರೆ 2010ರಲ್ಲಿ ಭಾರತ ಸರ್ಕಾರವೇ, ಸಂದೇಶಗಳನ್ನು ತಪಾಸಣೆಗೆ ಒದಗಿಸದಿದ್ದರೆ ಸೇವೆ ನಿಲ್ಲಿಸುತ್ತೇವೆ ಎಂದು ಗಡುವು ಹಾಕಿತ್ತು. ಫೋನು, ಸರ್ವರ್, ತಂತ್ರಾಂಶ ಎಲ್ಲವೂ ಒಬ್ಬನದೇ. ಆಂಡ್ರಾಯ್ಡ್ ಇದಕ್ಕೆ ತದ್ವಿರುದ್ಧ. ಸೋರ್ಸ್ ಕೋಡ್ ಊರಿಗೆಲ್ಲ ತೆರೆದಿತ್ತು. ಎಚ್‌ಟಿಸಿಯದು ಒಂದು ಬಗೆ, ಸ್ಯಾಮ್‌ಸಂಗ್‌ನದು ಇನ್ನೊಂದು. ಸಾವಿರ ನೌಕರರ ಕೈಯಲ್ಲಿ ಹತ್ತಾರು ಬಗೆಯ ಫೋನುಗಳಿದ್ದರೆ ಐಟಿ ವಿಭಾಗದವರು ಯಾವುದನ್ನೆಂದು ನಂಬಬೇಕು?

2010ರಲ್ಲೇ ಬಂದ ಆಂಡ್ರಾಯ್ಡ್ 2.2, ‘ಡಿವೈಸ್ ಅಡ್ಮಿನ್’ ಎಂಬ ಸೌಲಭ್ಯ ಕೊಟ್ಟಿತು. ಪಾಸ್‌ವರ್ಡ್ ಕಡ್ಡಾಯ ಮಾಡಬಹುದು, ಕಳೆದುಹೋದ ಫೋನನ್ನು ಆಫೀಸಿನಲ್ಲೇ ಕೂತು ಅಳಿಸಬಹುದು. ಆದರೆ ಅಳಿಸಿದರೆ ಸಮಸ್ತವೂ ಅಳಿಸಿಹೋಗುತ್ತಿತ್ತು. ಕೆಲಸ ಬಿಟ್ಟವನ ಆಫೀಸ್ ಮೇಲ್ ಜೊತೆಗೆ ಅವನ ಮದುವೆಯ ಫೋಟೊಗಳೂ. ಸ್ವಂತ ದುಡ್ಡಿನ ಫೋನಿಗೆ ಇಂಥ ಅಧಿಕಾರವನ್ನು ಯಾವ ನೌಕರ ಮನಸ್ಸಾರೆ ಕೊಟ್ಟಾನು?

ಈ ಕೊರತೆಯನ್ನು ಗೂಗಲ್‌ನ ಆಂಡ್ರಾಯ್ಡ್ ತಂಡದ ಕೆಲವರು ಚೆನ್ನಾಗಿಯೇ ಬಲ್ಲವರಾಗಿದ್ದರು. ಟಾಮ್ ಮಾಸ್ ಮತ್ತು ಗೆಳೆಯರು ಹೊರಬಂದು ಕಂಪನಿ ಕಟ್ಟಿದರು. ಹೆಸರು ‘ತ್ರೀ ಲಾಸ್ ಆಫ್ ಮೊಬಿಲಿಟಿ’, ಚಿಕ್ಕದಾಗಿ 3ಎಲ್‌ಎಂ. ಐಸಾಕ್ ಅಸಿಮೋವ್‌ನ ರೋಬಾಟ್ ಕಥೆಗಳ ಮೂರು ನಿಯಮಗಳಿಗೆ ಹಾಕಿದ ನಮಸ್ಕಾರ. ಅವರ ಯೋಚನೆ ನೇರ: ಮೇಲೊಂದು ಆ್ಯಪ್ ಹಾಕಿದರೆ ಭದ್ರತೆ ಬರುವುದಿಲ್ಲ, ಆಪರೇಟಿಂಗ್ ಸಿಸ್ಟಂನ ಒಳಗೇ ಕೈ ಹಾಕಬೇಕು. ಕೋಡ್ ತೆರೆದಿದೆಯಲ್ಲ, ಫೋನ್ ತಯಾರಕರನ್ನು ಒಪ್ಪಿಸಿ ಕಾರ್ಖಾನೆಯಲ್ಲೇ ಇದನ್ನು ಸೇರಿಸಿಬಿಡೋಣ. ಯಾರ ಬ್ರಾಂಡಾದರೂ ಸರಿ, ಐಟಿಯವರಿಗೆ ಕೀಲಿ ಒಂದೇ ಬಗೆಯದು.

2011ರ ಆರಂಭದಲ್ಲಿ ಮೊಟೊರೊಲಾ ಮೊಬಿಲಿಟಿ ಇವರನ್ನು ಕೊಂಡಿತು. ಎಲ್ಲರಿಗೂ ಸಲ್ಲಬೇಕಾದ ಬೀಗ ಒಬ್ಬ ಸ್ಪರ್ಧಿಯ ಜೇಬು ಸೇರಿದ ಮೇಲೆ ಉಳಿದ ಸ್ಪರ್ಧಿಗಳು ಎಷ್ಟು ದಿನ ಅದನ್ನು ನೆಚ್ಚಿಕೊಂಡಾರು? ಅದೇ ವರ್ಷ ಆಗಸ್ಟ್‌ನಲ್ಲಿ ಗೂಗಲ್ 12.5 ಶತಕೋಟಿ ಡಾಲರಿಗೆ ಮೊಟೊರೊಲಾವನ್ನೇ ಕೊಳ್ಳುವುದಾಗಿ ಘೋಷಿಸಿತು. ಮನೆ ಬಿಟ್ಟು ಹೋದ ಮಕ್ಕಳು ಹೊಲಿಗೆ ಕಲಿತು ಮನೆಗೇ ಮರಳಿದಂತಾಯಿತು. ಆದರೆ ಮನೆಯವರು ಅವರ ಕೈಗೆ ಬಟ್ಟೆ ಕೊಡಲಿಲ್ಲ. 3ಎಲ್‌ಎಂ ಸದ್ದಿಲ್ಲದೆ ಬಾಗಿಲು ಹಾಕಿತು. ನನಗೆ ಸಿಟ್ಟು ಬರುವುದು ಇಲ್ಲೇ.

ಅಷ್ಟರಲ್ಲಿ ಕೆಲಸ ಬೇರೆ ಕಡೆ ಸಾಗಿತ್ತು, ಅದೂ ಯಾರೂ ಊಹಿಸದ ಕಡೆ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ 2000ದಲ್ಲೇ ಲಿನಕ್ಸ್‌ಗಾಗಿ ‘ಎಸ್‌ಇ-ಲಿನಕ್ಸ್’ ಬರೆದು ಬಿಡುಗಡೆ ಮಾಡಿತ್ತು. ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದು ಎಂಬುದನ್ನು ಮೊದಲೇ ಬರೆದಿಡುವ ಪದ್ಧತಿ ಅದು. ದಾಳಿಕೋರ ಒಳನುಗ್ಗಿದರೂ ಆ ಕಟ್ಟಳೆ ಮೀರುವುದು ಕಷ್ಟ. 2012ರಲ್ಲಿ ಅದರ ಆಂಡ್ರಾಯ್ಡ್ ರೂಪವೂ ಹೊರಬಂತು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಎನ್‌ಎಸ್‌ಎಯ ಕಳ್ಳಗಿವಿಯನ್ನು ಬಯಲಿಗೆಳೆದ; ಮರುತಿಂಗಳೇ ಬಂದ ಆಂಡ್ರಾಯ್ಡ್ 4.3ರ ಹೊಟ್ಟೆಯಲ್ಲಿ ಎನ್‌ಎಸ್‌ಎ ಮೂಲದ ಕೋಡ್! ಗುಲ್ಲೆದ್ದಿತು. ಗುಲ್ಲಿಗೆ ಉತ್ತರ ಕೊಟ್ಟದ್ದು ಅದರ ಮುಕ್ತತೆಯೇ. ಸಾಲು ಸಾಲನ್ನೂ ಯಾರು ಬೇಕಾದರೂ ಓದಬಹುದಿತ್ತು. ಮುಚ್ಚಿದ ಕೋಡ್ ಆಗಿದ್ದರೆ ಆ ಅನುಮಾನ ಅಲ್ಲಿಗೇ ಸಾಯುತ್ತಿರಲಿಲ್ಲ.

ಸ್ಯಾಮ್‌ಸಂಗ್ ಇದೇ ಅಡಿಪಾಯದ ಮೇಲೆ 2013ರ ಫೆಬ್ರುವರಿಯಲ್ಲಿ ‘ನಾಕ್ಸ್’ ಘೋಷಿಸಿತು. ಅಮೆರಿಕದ ಬಂಗಾರದ ಕೋಠಿ ಫೋರ್ಟ್ ನಾಕ್ಸ್‌ನ ಹೆಸರು. ಫೋನಿಗೆ ಯಾರಾದರೂ ಬೇರೆ ಆಪರೇಟಿಂಗ್ ಸಿಸ್ಟಂ ತುಂಬಿದರೆ ಚಿಪ್ಪಿನೊಳಗಿನ ಒಂದು ಫ್ಯೂಸ್ ಸುಟ್ಟುಹೋಗುವಂತೆ ಮಾಡಿದ್ದರು. ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಿದರೂ ಫ್ಯೂಸ್ ಕೂಡುವುದಿಲ್ಲ, ನಾಕ್ಸ್ ಮರಳುವುದಿಲ್ಲ. ಮುಕ್ತ ಕೋಡಿನ ಫೋನಿನಲ್ಲಿ ಕೋಡ್ ಬದಲಿಸಿದವನಿಗೆ ಶಾಶ್ವತ ಶಿಕ್ಷೆ!

2014ರ ಜನವರಿಯಲ್ಲಿ ಗೂಗಲ್ ಮೊಟೊರೊಲಾವನ್ನು ಲೆನೊವೊಗೆ ಮಾರುವುದಾಗಿ ಹೇಳಿತು. ಮೇ ತಿಂಗಳಲ್ಲಿ, ಫೋನಿನೊಳಗೆ ಆಫೀಸು-ಮನೆ ಬೇರ್ಪಡಿಸುತ್ತಿದ್ದ ನ್ಯೂಯಾರ್ಕ್‌ನ ‘ಡಿವೈಡ್’ ಕಂಪನಿಯನ್ನು ಕೊಂಡಿತು. 3ಎಲ್‌ಎಂನಂತೆ ಇದು ಕಾರ್ಖಾನೆಯಲ್ಲೇ ಸೇರಿಸುವ ತಂತ್ರಾಂಶವಲ್ಲ ನಿಜ, ಆದರೆ ಗಿರಾಕಿ ಅವನೇ, ಕೊರತೆ ಅದೇ. ಜೂನ್‌ನಲ್ಲಿ ಸುಂದರ್ ಪಿಚೈ ವೇದಿಕೆಯ ಮೇಲೆ ನಿಂತು ನಾಕ್ಸ್ ಕೊಡುಗೆಗಾಗಿ ಸ್ಯಾಮ್‌ಸಂಗ್‌ಗೆ ಕೃತಜ್ಞತೆ ಹೇಳಿದರು. ಆಂಡ್ರಾಯ್ಡ್ 5.0ರಲ್ಲಿ ‘ವರ್ಕ್ ಪ್ರೊಫೈಲ್’ ಬಂತು, 2015ರ ಫೆಬ್ರುವರಿಯಲ್ಲಿ ‘ಆಂಡ್ರಾಯ್ಡ್ ಫಾರ್ ವರ್ಕ್’ ಎಂಬ ಹೆಸರಲ್ಲಿ ಇಡೀ ವ್ಯವಸ್ಥೆ ಬಳಕೆಗೆ ಸಿಕ್ಕಿತು. ಅದೇ ವರ್ಷದ ಕೊನೆಗೆ ಬ್ಲ್ಯಾಕ್‌ಬೆರಿಯೇ ತನ್ನ ‘ಪ್ರಿವ್’ ಫೋನಿಗೆ ಆಂಡ್ರಾಯ್ಡ್ ಹಾಕಿಕೊಂಡಿತು.

ಗೋಡೆಯ ಕೋಡ್ ಇಂದಿಗೂ ಮುಕ್ತವೇ. ಆದರೆ ನೂರಾರು ಫೋನುಗಳಿಗೆ ಒಮ್ಮೆಲೇ ಆ್ಯಪ್ ಹಂಚುವ, ನಿಯಮ ಹೇರುವ ಸಲಕರಣೆಗಳು ಬಹುಮಟ್ಟಿಗೆ ಗೂಗಲ್‌ನ ಸ್ವಂತ ಸೇವೆಗಳ ಮೂಲಕವೇ ನಡೆಯುತ್ತವೆ. ಕೋಡ್ ಊರಿನದು, ಉಗ್ರಾಣದ ಉಸ್ತುವಾರಿ ಒಬ್ಬರದು. 3ಎಲ್‌ಎಂನ ದಾರಿ ಹಿಡಿದಿದ್ದರೆ ಇದು ಬೇರೆಯಾಗುತ್ತಿತ್ತೆಂದು ಆಣೆ ಮಾಡಿ ಹೇಳಲಾರೆ; ಆ ದಾರಿಯನ್ನು ತುಳಿದು ನೋಡದೆ ಮುಚ್ಚಿದ್ದಂತೂ ತಪ್ಪು.

ಸ್ವಂತ ಫೋನಿಗೆ ಆಫೀಸಿನ ಮೇಲ್ ಹಾಕಿಕೊಳ್ಳುವಾಗ ಒಂದು ಮಾತು ನೋಡಿಕೊಳ್ಳಿ. ‘ವರ್ಕ್ ಪ್ರೊಫೈಲ್’ ಎಂದಿದ್ದರೆ ಕಂಪನಿ ಅಳಿಸಬಹುದಾದದ್ದು ಬ್ರೀಫ್‌ಕೇಸಿನ ಹಿಂದಿರುವುದನ್ನು ಮಾತ್ರ. ‘ಡಿವೈಸ್ ಅಡ್ಮಿನ್’ ಅನುಮತಿ ಕೇಳಿದರೆ, ಇಡೀ ಫೋನು ಅಳಿಸುವ ಅಧಿಕಾರವೂ ಇದರಲ್ಲಿದೆಯೇ ಎಂದು ಐಟಿ ವಿಭಾಗದವರನ್ನು ವಿಚಾರಿಸಿಯೇ ಒಪ್ಪಿಗೆ ಒತ್ತಿ.