ಮಾಯಬಾರದ ಗಾಯ ಮತ್ತು ಹಳೆಯ ಲೇಸರ್

ಬೇರೆ ಯಾವ ಆಪರೇಷನ್ ಆದರೂ ಗಾಯ ಬೇಗ ಮಾಯಲಿ ಎಂದೇ ಎಲ್ಲರ ಹಾರೈಕೆ. ಕಣ್ಣಿನೊಳಗಿನ ಒತ್ತಡ ಇಳಿಸಲು ಗ್ಲಾಕೋಮಾ ಕಾಯಿಲೆಯಲ್ಲಿ ಮಾಡುವ ಟ್ರಾಬೆಕ್ಯುಲೆಕ್ಟಮಿಯಲ್ಲಿ ಮಾತ್ರ ಗಾಯ ಪೂರ್ತಿ ಮಾಯ್ದರೆ ಆಪರೇಷನ್ ಸೋತಂತೆ. ಇಂಗ್ಲೆಂಡಿನ ವೈದ್ಯ ಕೇರ್ನ್ಸ್ 1968ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಬಿಳಿಗುಡ್ಡೆಯ ಅಂಚಿನಲ್ಲೊಂದು ಸಣ್ಣ ಕಿಂಡಿ ಮಾಡುತ್ತಾರೆ. ಒಳಗೆ ಕಟ್ಟಿಕೊಂಡು ಒತ್ತಡ ಏರಿಸುತ್ತಿದ್ದ ನೀರು ಅಲ್ಲಿಂದ ಹೊರಬಂದು, ಮೇಲಿನ ತೆಳುಪದರದ ಅಡಿ ಪುಟ್ಟ ಗುಳ್ಳೆಯಾಗಿ ನಿಂತು, ಮೆಲ್ಲಗೆ ಇಂಗುತ್ತದೆ. ವೈದ್ಯರು ಇದನ್ನು ಬ್ಲೆಬ್ ಎನ್ನುತ್ತಾರೆ. ದೇಹಕ್ಕಾದರೋ ಅದೊಂದು ಗಾಯ, ಅಷ್ಟೇ. ಅದನ್ನು ಮುಚ್ಚಲು ನಾರಿನ ಅಂಗಾಂಶ ಬೆಳೆಸುತ್ತದೆ. ಕೆಲವರಲ್ಲಿ ಆಪರೇಷನ್ನಿನ ಕೆಲವೇ ವಾರಗಳಲ್ಲಿ ಗುಳ್ಳೆಯ ಸುತ್ತ ದಪ್ಪ ಗೋಡೆ ಎದ್ದು, ಪ್ರೆಶರ್ ಮತ್ತೆ ಏರುತ್ತದೆ.

ಮೊದಲೇ ಲೇಸರ್ ಮಾಡಿಸಿಕೊಂಡ ಕಣ್ಣಿನಲ್ಲಿ ಈ ಗೋಡೆ ಹೆಚ್ಚಾಗಿ ಏಳುತ್ತದೆಯೇ? ಪ್ರಶ್ನೆ ಹಳೆಯದು. ನೀರು ಸೋರಿಹೋಗುವ ಜಾಲರಿಗೆ ಆರ್ಗಾನ್ ಲೇಸರ್ ಹಾಯಿಸುವ ಚಿಕಿತ್ಸೆಯನ್ನು ವೈಸ್ ಮತ್ತು ವಿಟ್ಟರ್ 1979ರಲ್ಲಿ ಪ್ರಕಟಿಸಿದರು. ಅದು ಜಾಲರಿಯ ಮೇಲೆ ನಿಜವಾದ ಸುಟ್ಟ ಕಲೆಗಳನ್ನೇ ಬಿಡುತ್ತದೆ. ಸುಟ್ಟಲ್ಲಿ ಉರಿಯೂತ, ಉರಿಯೂತವಿದ್ದಲ್ಲಿ ನಾರು ಬೆಳೆಸುವ ಪ್ರೋಟೀನುಗಳು. ಅವು ಆ ನೀರಿನ ಜೊತೆಗೇ ಹೊಸ ಗುಳ್ಳೆಗೆ ಹರಿಯುತ್ತವೆ ಎಂಬುದು ಅನುಮಾನದ ಹಿಂದಿನ ತರ್ಕ. 1980ರ ದಶಕದ ಕೊನೆಯ ಕೆಲವು ವರದಿಗಳು ಅದಕ್ಕೆ ಪುಷ್ಟಿ ಕೊಟ್ಟವು.

ಆದರೆ ಲೇಸರ್ ಆಗಿ, ಅದು ಸಾಲದೆ ಆಪರೇಷನ್ನಿಗೆ ಬಂದ ಕಣ್ಣು ಹೇಗೂ ಹೆಚ್ಚು ಬಳಲಿದ ಕಣ್ಣಲ್ಲವೇ? ತಪ್ಪು ಲೇಸರಿನದೋ ಕಾಯಿಲೆಯದೋ ಹೇಗೆ ಗೊತ್ತಾಗಬೇಕು? ಅಮೆರಿಕದ ಏಜಿಸ್ ಅಧ್ಯಯನ ಇಲ್ಲಿ ನೆರವಿಗೆ ಬಂತು. 591 ರೋಗಿಗಳ 789 ಕಣ್ಣುಗಳಲ್ಲಿ ಯಾವುದಕ್ಕೆ ಮೊದಲು ಲೇಸರ್, ಯಾವುದಕ್ಕೆ ಮೊದಲು ಆಪರೇಷನ್ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. 1999ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಗೋಡೆ ಕಟ್ಟಿದ ಗುಳ್ಳೆ ಕಾಣಿಸಿದ್ದು ಮೊದಲು ಲೇಸರ್ ಆದವುಗಳಲ್ಲಿ ಶೇ 18.5, ಆಗದವುಗಳಲ್ಲಿ ಶೇ 14.5. ಅಂತರವಿದೆ, ಆದರೆ ಅದು ಬರೀ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಗೋಡೆ ಕಟ್ಟಿದವರಿಗೂ ಮತ್ತೆ ಔಷಧ ಕೊಟ್ಟು ನೋಡಿಕೊಂಡಾಗ, ಒಂದು ವರ್ಷದ ಹೊತ್ತಿಗೆ ಪ್ರೆಶರ್ ಉಳಿದವರ ಹತ್ತಿರಕ್ಕೇ ಇಳಿದಿತ್ತು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಚಿಂತೆ ನಾವು ನಿರಪಾಯ ಎಂದುಕೊಂಡಿರುವ ಹನಿ ಔಷಧದ್ದು. ವರ್ಷಗಟ್ಟಲೆ ಎರಡು ಮೂರು ಬಗೆಯ ಹನಿ ಹಾಕಿಕೊಂಡವರ ಕಣ್ಣಿನ ಮೇಲ್ಪದರದಲ್ಲಿ ಉರಿಯೂತದ ಕಣಗಳೂ ನಾರು ನೇಯುವ ಕಣಗಳೂ ಹೆಚ್ಚುತ್ತವೆ, ಮುಂದೆ ಆಪರೇಷನ್ ಸೋಲುವ ಸಾಧ್ಯತೆಯೂ ಹೆಚ್ಚುತ್ತದೆ ಎಂಬುದನ್ನು ಲಂಡನ್ನಿನ ವೈದ್ಯರು 1994ರಲ್ಲೇ ತೋರಿಸಿದ್ದಾರೆ. ಹನಿ ಕೆಡದಿರಲು ಬೆರೆಸುವ ಬೆನ್ಜಾಲ್ಕೋನಿಯಂ ಕ್ಲೋರೈಡ್ ಮೇಲೆ ಬಲವಾದ ಸಂಶಯವಿದೆ. ಹಾಗೆಂದು ಯಾರೂ ಹನಿಯನ್ನು ತಾವಾಗಿಯೇ ನಿಲ್ಲಿಸಕೂಡದು. ಗ್ಲಾಕೋಮಾದಲ್ಲಿ ಕಳೆದ ದೃಷ್ಟಿ ಮರಳುವುದಿಲ್ಲ.

ಈಗಿನ ಎಸ್‌ಎಲ್‌ಟಿ ಲೇಸರ್ ಬೇರೆಯದೇ ಜಾತಿ. ಬಣ್ಣವಿರುವ ಕಣಗಳನ್ನಷ್ಟೇ ಗುರಿಯಾಗಿಸಿ, ಒಂದು ಸೆಕೆಂಡಿನ ಕೋಟಿಯ ಭಾಗಕ್ಕಿಂತಲೂ ಕಡಿಮೆ ಹೊತ್ತು ಮಿಂಚುವ ಇದು ಜಾಲರಿಯನ್ನು ಸುಡುವುದಿಲ್ಲ. ಬ್ರಿಟನ್ನಿನ ಲೈಟ್ ಅಧ್ಯಯನದ 2019ರ ವರದಿಯಂತೆ, ಮೊದಲೇ ಎಸ್‌ಎಲ್‌ಟಿ ಪಡೆದವರಲ್ಲಿ ಶೇ 74ರಷ್ಟು ಮಂದಿ ಮೂರು ವರ್ಷವಾದರೂ ಹನಿಯ ಹಂಗಿಲ್ಲದೆ ಇದ್ದರು. ಆ ಅವಧಿಯಲ್ಲಿ ಟ್ರಾಬೆಕ್ಯುಲೆಕ್ಟಮಿ ಬೇಕಾದದ್ದು ಹನಿಯಿಂದ ಶುರುಮಾಡಿದ ಗುಂಪಿನ 11 ಕಣ್ಣುಗಳಿಗೆ. ಲೇಸರ್ ಗುಂಪಿನಲ್ಲಿ ಒಂದಕ್ಕೂ ಬೇಕಾಗಲಿಲ್ಲ.

ಆದ್ದರಿಂದ, ಮುಂದೆಂದೋ ಆಪರೇಷನ್ ಕೆಟ್ಟೀತೆಂಬ ಭಯಕ್ಕೆ ವೈದ್ಯರು ಸೂಚಿಸಿದ ಲೇಸರನ್ನು ಬೇಡವೆನ್ನಬೇಡಿ. ಆಪರೇಷನ್ನಿನ ಮಾತು ಬಂದ ದಿನ ಯಾವ ಲೇಸರ್, ಯಾವ ವರ್ಷ, ಯಾವ ಹನಿ ಎಷ್ಟು ಕಾಲ ಎಂಬುದಿರುವ ಹಳೆಯ ಫೈಲನ್ನು ಮರೆಯದೆ ಕೊಂಡೊಯ್ಯಿರಿ. ಗಾಯ ಬೇಗ ಮಾಯದಂತೆ ತಡೆಯುವ ಮೈಟೋಮೈಸಿನ್ ಎಷ್ಟು ಬೇಕು, ಎಷ್ಟು ನಿಮಿಷ ಇಡಬೇಕು ಎಂದು ಸರ್ಜನ್ ಲೆಕ್ಕ ಹಾಕುವಾಗ ಅದು ನೆರವಾಗುತ್ತದೆ.