ಗಣಕಯಂತ್ರದ ಪಾಠವೂ ಹಳಗನ್ನಡದ ಎರಡು ಅಕ್ಷರಗಳೂ

ಹಳಗನ್ನಡ ಕಾವ್ಯಗಳನ್ನು ಗಣಕಯಂತ್ರದ ತೆರೆಯ ಮೇಲೆ ತೋರಿಸಿ ಬೋಧಿಸುವ ಪದ್ಧತಿಯು ಈಚೆಗೆ ಬಳಕೆಗೆ ಬಂದಿದೆ. ಒಂದು ಶಬ್ದವು ಕಾವ್ಯದಲ್ಲಿ ಎಲ್ಲೆಲ್ಲಿ ಪ್ರಯುಕ್ತವಾಗಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಹುಡುಕಿಕೊಡುವುದೇ ಈ ಸಾಧನದ ಮುಖ್ಯ ಪ್ರಯೋಜನವು. ಆದರೆ ಈ ಹುಡುಕಾಟದಲ್ಲಿ ಯಂತ್ರವು ಅರ್ಥವನ್ನು ನೋಡದೆ ಅಕ್ಷರಗಳನ್ನು ಮಾತ್ರ ಹೋಲಿಸುವುದರಿಂದ, ಮೂಲಪಾಠದಲ್ಲಿ ಅಕ್ಷರಶುದ್ಧಿಯಿಲ್ಲದಿದ್ದರೆ ಫಲವೂ ಅಶುದ್ಧವೇ ಸರಿ.

ಱ, ೞ ಎಂಬ ಅಕ್ಷರಗಳೇ ಇದಕ್ಕೆ ನಿದರ್ಶನ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಖಡ್ಗ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವನ್ನು ಪ್ರತ್ಯೇಕವಾಗಿ ವಿವೇಚಿಸಿರುವುದು ವಿದ್ವಾಂಸರಿಗೆ ತಿಳಿದುದೇ ಆಗಿದೆ. ಹೊಸಗನ್ನಡದ ರೂಢಿಯಂತೆ ಇವನ್ನು ರ, ಳ ಎಂದೇ ಬೆರಳಚ್ಚಿಸಿದ ಪ್ರತಿಯಲ್ಲಿ ‘ಬಾಳ್’ ಎಂಬುದನ್ನು ಹುಡುಕಿದ ವಿದ್ಯಾರ್ಥಿಗೆ ಕತ್ತಿಯೂ ಬದುಕೂ ಒಟ್ಟಿಗೆ ದೊರೆಯುವುವು. ಶುದ್ಧಪ್ರತಿಯಲ್ಲಿಯಾದರೋ, ೞಕಾರವನ್ನರಿಯದವನು ‘ಬಾಳ್’ ಎಂದು ಹುಡುಕಿ, ಬದುಕನ್ನು ಹೇಳುವ ಶಬ್ದವೇ ಕಾವ್ಯದಲ್ಲಿಲ್ಲವೆಂದು ಭ್ರಮಿಸುವನು.

ಯೂನಿಕೋಡ್ ಸಂಕೇತಮಾಲೆಯಲ್ಲಿ ಇವೆರಡಕ್ಕೂ ಪ್ರತ್ಯೇಕ ಸ್ಥಾನಗಳಿವೆ. ಅಲ್ಲಿ ೞಕಾರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯವಾಗಿ ಸೇರಿದೆ. ಹೆಸರು ತಪ್ಪಾದರೂ ಅಕ್ಷರಕ್ಕೆ ಲೋಪವಿಲ್ಲ. ಲೋಪವಿರುವುದು ಪ್ರತಿಮಾಡುವವರ ಅನವಧಾನದಲ್ಲಿ.

ಆದುದರಿಂದ ಅಧ್ಯಾಪಕರು ಪ್ರತಿಯನ್ನು ತರಗತಿಗೆ ಒಯ್ಯುವ ಮುನ್ನ ಅದರಲ್ಲಿ ಈ ಎರಡು ಅಕ್ಷರಗಳಿವೆಯೇ ಎಂದು ಪರೀಕ್ಷಿಸಿ, ಮುದ್ರಿತ ಪುಟದ ಚಿತ್ರವನ್ನು ಜೊತೆಯಲ್ಲಿಟ್ಟು, ಎರಡನ್ನೂ ಹೋಲಿಸುವ ಕೆಲಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು ಯುಕ್ತ. ಆಗ ಯಂತ್ರವು ವ್ಯಾಕರಣಾಭ್ಯಾಸಕ್ಕೆ ಸಹಾಯಕವಾಗುವುದಲ್ಲದೆ ಅದರ ಸ್ಥಾನವನ್ನು ಆಕ್ರಮಿಸದು.