ಮೂರು ಭಾಷೆಯ ಊರಿಗೆ ಮೋಹನಸ್ವಾಮಿ ಬಂದ ದಾರಿ

ಹಾಜರಿ ಕರೆಯುವಾಗ ಎಂಟರ ತನಕ ತರಗತಿ ಸುಮ್ಮನಿರುತ್ತಿತ್ತು. ಮೇಷ್ಟ್ರು ‘ಒಂಬತ್ತು’ ಎಂದೊಡನೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ತಮಿಳಿನ ‘ಒಂಬದು’ ಬರೀ ಸಂಖ್ಯೆಯಲ್ಲ, ನಡಿಗೆ ಮೆತ್ತಗಿರುವ, ದನಿ ಸಣ್ಣಗಿರುವ ಹುಡುಗರನ್ನು ಹಂಗಿಸುವ ಬೈಗುಳ. ತಮಿಳುನಾಡಿನ ಹೊಸೂರಿನ ಆಚೆಗೆ, ತಳಿ ಕಡೆಯ ಕನ್ನಡ ಶಾಲೆ ನಮ್ಮದು. ಪಾಠ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ, ಸಂತೆಯ ವ್ಯಾಪಾರ ಮುಕ್ಕಾಲು ಪಾಲು ತೆಲುಗಿನಲ್ಲಿ. ಆ ವರ್ಷ ಒಂಬತ್ತನೇ ನಂಬರು ನನ್ನದು. ನಗು ಅಡಗಲಿ ಎಂದು ಕಾದು, ಆಮೇಲೆ ‘ಪ್ರೆಸೆಂಟ್ ಸಾರ್’ ಅನ್ನುತ್ತಿದ್ದೆ. ಎಷ್ಟೋ ದಿನ ಅಷ್ಟರಲ್ಲಿ ಮೇಷ್ಟ್ರು ಹತ್ತಕ್ಕೆ ಹೋಗಿಬಿಟ್ಟಿರುತ್ತಿದ್ದರು.

ಮುಂದೆ ಕಾಲೇಜಿನ ರಜೆಯಲ್ಲಿ ಗುಲಾಬಿ ಪ್ಯಾಕಿಂಗ್ ಶೆಡ್ಡಿಗೆ ಕೂಲಿಗೆ ಹೋದೆ. ಹೊಸೂರಿನ ಸುತ್ತ ಪಾಲಿಹೌಸುಗಳು ತುಂಬಿಕೊಳ್ಳುತ್ತಿದ್ದ ಕಾಲ ಅದು. ಫೆಬ್ರವರಿ 14 ಹತ್ತಿರವಾದಂತೆ ಹಗಲು ರಾತ್ರಿ ಕೆಲಸ. ‘ತಾಜ್ ಮಹಲ್’ ತಳಿಯ ಕೆಂಪು ಗುಲಾಬಿಯನ್ನು ಮೊಗ್ಗಿರುವಾಗಲೇ ಕತ್ತರಿಸಬೇಕು. ಕಾಂಡಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ, ಇಪ್ಪತ್ತು ಇಪ್ಪತ್ತರ ಕಟ್ಟು ಕಟ್ಟಿ, ತಲೆಗೆ ರಟ್ಟು ಸುತ್ತಿ ಬಕೆಟ್ಟಿನ ನೀರಿಗೆ ಇಳಿಸಬೇಕು. ನನ್ನ ಎದುರಿಗೆ ಕೂತು ಕಟ್ಟು ಕಟ್ಟುತ್ತಿದ್ದವನು ನನ್ನ ಜೊತೆಯವನೇ. ಒಂದು ರಾತ್ರಿ ಬೆರಳಿಗೆ ಮುಳ್ಳು ಮುರಿಯಿತು. ಅವನು ನನ್ನ ಕೈಯನ್ನು ಬಲ್ಬಿನ ಬೆಳಕಿಗೆ ಹಿಡಿದು, ಪಿನ್ನಿನ ತುದಿಯಿಂದ ಮುಳ್ಳು ತೆಗೆದ. ತೆಗೆದ ಮೇಲೂ ಕೈ ಬಿಡಲಿಲ್ಲ. ನಡೆದದ್ದು ಅಷ್ಟೇ. ಅದರಲ್ಲೇ ಒಂದಿಡೀ ವರ್ಷ ಕಳೆದೆ.

ಅದನ್ನು ಏನೆಂದು ಕರೆಯುವುದು? ಕನ್ನಡದಲ್ಲಿ ಸಿಕ್ಕ ಪದ ‘ಸಲಿಂಗಕಾಮ’. ತಮಿಳಿನವರು ‘ಓರಿನಚ್ಚೇರ್ಕ್ಕೈ’ ಅನ್ನುತ್ತಿದ್ದರು, ಅಂದರೆ ಒಂದೇ ಬಗೆಯವರ ಕೂಡಿಕೆ. ತೆಲುಗಿನವರದು ‘ಸ್ವಲಿಂಗ ಸಂಪರ್ಕ’. ಕಾಮ, ಕೂಡಿಕೆ, ಸಂಪರ್ಕ. ಮೂರೂ ಭಾಷೆ ಮೈಯ ಸುದ್ದಿಯನ್ನಷ್ಟೇ ಹೇಳುತ್ತಿದ್ದವು. ಬಲ್ಬಿನ ಕೆಳಗೆ ಹಿಡಿದ ಕೈಗೆ ಮೂರರಲ್ಲೂ ಹೆಸರಿರಲಿಲ್ಲ. ಪೇಪರಿನಲ್ಲಿ ಆ ಪದಗಳು ಕಾಣಿಸುತ್ತಿದ್ದದ್ದು ಒಂದೋ ಪೊಲೀಸು ಸುದ್ದಿಯಲ್ಲಿ, ಇಲ್ಲವೇ ವೈದ್ಯರ ಪ್ರಶ್ನೋತ್ತರದಲ್ಲಿ. ಅಂಥ ಹುಡುಗನಿಗೆ ಕತೆಯೇ ಬೇಕಿತ್ತು. ಕತೆಯಲ್ಲಾದರೆ ಒಂದು ಊರಿರುತ್ತದೆ, ಅಮ್ಮ ಇರುತ್ತಾಳೆ, ಹಾಸ್ಟೆಲ್ಲಿರುತ್ತದೆ, ಕಾಯುವ ಸಂಜೆ ಇರುತ್ತದೆ.

ಕನ್ನಡಕ್ಕೆ ಆ ಕತೆ ಬಂದದ್ದು ಯಾರೂ ನಿರೀಕ್ಷಿಸದ ಬಾಗಿಲಿನಿಂದ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿದ ವಸುಧೇಂದ್ರ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದಿನ ಓದು ಮುಗಿಸಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದಂಥ ಪ್ರಬಂಧಗಳಿಂದ ಮನೆಮಂದಿಯೆಲ್ಲ ಪ್ರೀತಿಸುವ ಲೇಖಕರಾಗಿದ್ದರು. ನಮ್ಮ ಮನೆಯಲ್ಲಿ ಅಕ್ಕ ಅದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದಳು, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಥ ಲೇಖಕರು ತಮ್ಮೊಳಗಿನ ಕತೆ ಬರೆದಾಗ ಮೊದಲು ಹೆಸರು ಮರೆಸಿಕೊಂಡರು. ವಿವೇಕ ಶಾನಭಾಗ ಸಂಪಾದಿಸುತ್ತಿದ್ದ ‘ದೇಶ ಕಾಲ’ ಪತ್ರಿಕೆಯಲ್ಲಿ ಅದು ಷಣ್ಮುಖ ಎಸ್. ಎಂಬ ಹೆಸರಿನಲ್ಲಿ ಬಂತು.

2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನ ಹೊರಬಂದಾಗ ರಕ್ಷಾಪುಟದ ಮೇಲಿದ್ದದ್ದು ವಸುಧೇಂದ್ರರ ಹೆಸರೇ. ಆಗ ಅವರಿಗೆ 44 ವರ್ಷ. ಪ್ರಕಟಿಸಿದ್ದು ಅವರೇ ಕಟ್ಟಿದ ಛಂದ ಪುಸ್ತಕ. ಈ ಸಂಗತಿಗೆ ಸಲ್ಲಬೇಕಾದಷ್ಟು ಮಾನ ಸಂದಿಲ್ಲ ಅನ್ನಿಸುತ್ತದೆ ನನಗೆ. ‘ಓದುಗರು ಏನಂದುಕೊಂಡಾರು’ ಎಂದು ತಡೆಯುವ ಪ್ರಕಾಶಕ ನಡುವೆ ಇರಲಿಲ್ಲ. ಓದುಗರನ್ನು ಕಳೆದುಕೊಂಡರೆ ಆ ನಷ್ಟವೂ ಅವರದ್ದೇ ಆಗಿತ್ತು. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, 2009ರ ದೆಹಲಿ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿ, ದಂಡ ಸಂಹಿತೆಯ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಿತು. ಪುಸ್ತಕ ಅಂಗಡಿಯಲ್ಲಿದ್ದಂತೆಯೇ ಅದರೊಳಗಿನ ಪ್ರೀತಿ ಪುನಃ ಅಪರಾಧವಾಯಿತು. ಆ ಕಲಮಿನಿಂದ ಬಿಡುಗಡೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ಕ್ಕೆ.

ನಾನು ‘ಮೋಹನಸ್ವಾಮಿ’ಯನ್ನು ಕೊಂಡದ್ದು ಬೆಂಗಳೂರಿನ ಗಾಂಧಿನಗರದಲ್ಲಿ. ಹೊಸೂರಿನ ಬಸ್ಸು ಹತ್ತುವ ಮೊದಲೇ ಹಳೆ ಕ್ಯಾಲೆಂಡರಿನ ಹಾಳೆಯಿಂದ ಬೈಂಡು ಹಾಕಿದೆ, ಬಿಳಿ ಮಗ್ಗುಲು ಹೊರಗೆ. ಚಂದಾಪುರ ಬರುವಷ್ಟರಲ್ಲಿ ‘ಕಗ್ಗಂಟು’ ಮುಗಿದಿತ್ತು. ಜೊತೆಗೆ ಬಾಳಿದ ಕಾರ್ತಿಕ್ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಗೆ ಅಳುವ ಹಕ್ಕು ಕೂಡ ಇಲ್ಲ. ಏಕೆಂದರೆ ಲೋಕದ ಲೆಕ್ಕದಲ್ಲಿ ಅವನು ಬರೀ ರೂಮ್‌ಮೇಟ್. ಅತ್ತಿಬೆಲೆ ದಾಟಿ ಬೋರ್ಡುಗಳು ತಮಿಳಿಗೆ ತಿರುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಗುಲಾಬಿ ಶೆಡ್ಡಿನ ನನ್ನ ಗೆಳೆಯನ ಮದುವೆಯಲ್ಲಿ ನಾನು ಬಡಿಸಲು ನಿಂತಿದ್ದೆ. ಪಾಯಸದ ಬಕೆಟ್ಟು ಹಿಡಿದು ಮೂರು ಪಂಕ್ತಿ ನಡೆದಿದ್ದೆ.

ಈ ಕತೆಗಳನ್ನು ಒಟ್ಟಿಗೆ ಓದಿದರೆ ಒಬ್ಬ ಹುಡುಗ ಬೆಳೆಯುವ ದಾರಿ ಕಾಣುತ್ತದೆ. ಸಣ್ಣ ಊರಿನಲ್ಲಿ ಸೈಕಲ್ ಹೊಡೆಯಲು ಬಾರದೆ ನಗೆಪಾಟಲಾಗುವವನು ಮುಂದೆ ‘ತುತ್ತತುದಿಯಲಿ ಮೊತ್ತಮೊದಲು’ ಕತೆಯಲ್ಲಿ ಕಿಲಿಮಂಜಾರೋ ಏರುತ್ತಾನೆ. ಸೈಕಲ್ಲಿನ ಕತೆ ನನಗೆ ಎಲ್ಲಕ್ಕಿಂತ ಹತ್ತಿರ. ಗಂಡು ಅನ್ನಿಸಿಕೊಳ್ಳಲು ಊರು ಇಡುವ ಪರೀಕ್ಷೆಗಳು ಎಷ್ಟು ಸಣ್ಣವು, ಫೇಲಾದವನಿಗೆ ಅವು ಎಷ್ಟು ದೊಡ್ಡವು ಎಂಬುದನ್ನು ಅದು ಬಲ್ಲದು. ಪುಸ್ತಕ ಬಂದ ಮೇಲೆ ಸಣ್ಣ ಊರುಗಳ ಹುಡುಗರು ತಮ್ಮನ್ನು ಹುಡುಕಿಕೊಂಡು ಬಂದದ್ದನ್ನು, ಫೋನಿನಲ್ಲಿ ಅತ್ತದ್ದನ್ನು ವಸುಧೇಂದ್ರ ಸಭೆಗಳಲ್ಲಿ ಹೇಳಿದ್ದಾರೆ. 2016ರಲ್ಲಿ ರಶ್ಮಿ ತೇರದಾಳ ಅವರ ಅನುವಾದದಲ್ಲಿ ಅದು ಇಂಗ್ಲಿಷಿಗೂ ಹೋಯಿತು.

ಹೊಸೂರಿನ ಮೇಲೆ ಹಾದುಹೋಗುವ ಸೇಲಂ-ಬೆಂಗಳೂರು ಹೆದ್ದಾರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಎ. ರೇವತಿ ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದು, ಹಿಜ್ರಾ ಬದುಕಿನ ಆತ್ಮಕತೆ ಬರೆದರು. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಆಡಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕತೆ ಕನ್ನಡದ ‘ನಾನು ಅವನಲ್ಲ ಅವಳು’ ಸಿನಿಮಾಕ್ಕೆ ಆಧಾರವಾಯಿತು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಇವು ಹೆಣ್ಣಾಗಿ ಬಾಳಹೊರಟವರ ಬದುಕು, ಮೋಹನಸ್ವಾಮಿಯದು ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸಿದವನ ಬದುಕು. ‘ಒಂಬದು’ ಎನ್ನುವ ಬೈಗುಳಕ್ಕೆ ಈ ಭೇದ ತಿಳಿಯದು, ಸಾಹಿತ್ಯಕ್ಕೆ ತಿಳಿಯಲೇಬೇಕು. ಆದರೂ ಕನ್ನಡದ ಓದುಗನ ಕಿವಿಯನ್ನು ಹದ ಮಾಡಿದ್ದರಲ್ಲಿ ತಮಿಳುನಾಡಿನ ಆ ಇಬ್ಬರು ಹೆಣ್ಣುಮಕ್ಕಳ ಋಣ ದೊಡ್ಡದು.

ಹೊರಗೂ ಇಂಥ ಕತೆಗಳು ಸುಲಭವಾಗಿ ಬೆಳಕು ಕಂಡಿಲ್ಲ. ಇ. ಎಂ. ಫಾರ್ಸ್ಟರ್ 1913-14ರಲ್ಲಿ ಬರೆದ ‘ಮಾರಿಸ್’ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಇಬ್ಬರು ಗಂಡಸರ ಪ್ರೀತಿ ಸುಖವಾಗಿ ಕೊನೆಗೊಳ್ಳಬೇಕೆಂದು ಅವರು ಹಟ ಹಿಡಿದಿದ್ದರು. ಶ್ರೀಲಂಕಾದ ತಮಿಳು ಹುಡುಗ ಆರ್ಜಿಯ ಕತೆ ಹೇಳುವ ಶ್ಯಾಮ್ ಸೆಲ್ವದುರೈ ಅವರ ‘ಫನ್ನಿ ಬಾಯ್’ 1994ರದು. ಅದರಲ್ಲಿ ಮಕ್ಕಳ ಮದುವೆಯಾಟದಲ್ಲಿ ಸೀರೆ ಉಟ್ಟು ಮದುಮಗಳಾಗುವ ಹುಡುಗನನ್ನು ಓದಿದಾಗ ನಮ್ಮ ಬೀದಿಯ ಬೇಸಿಗೆ ರಜೆ ಕಣ್ಣ ಮುಂದೆ ನಿಂತಿತು. ಈಗಿನ ಶಾಲಾ ಮಕ್ಕಳಿಗೆ ಇಂಗ್ಲಿಷಿನಲ್ಲಿ ‘ಹಾರ್ಟ್‌ಸ್ಟಾಪರ್’ ಇದೆ, ಇಬ್ಬರು ಹುಡುಗರು ಅಂಜುತ್ತಾ ನಗುತ್ತಾ ಹತ್ತಿರವಾಗುವ ಚಿತ್ರಕಥೆ. ಹದಿನಾರರ ಪ್ರೀತಿಯನ್ನು ಹದಿನಾರರ ಕಣ್ಣಿನಿಂದ, ಗಾಯ ಮಾತ್ರವಲ್ಲದೆ ಖುಷಿಯನ್ನೂ ಸೇರಿಸಿ ಹೇಳುವ ಅಂಥ ಪುಸ್ತಕ ಕನ್ನಡದಲ್ಲೂ ಬೇಕು. ಮೋಹನಸ್ವಾಮಿ ಹಿಂದಿರುಗಿ ನೋಡಿ ಹೇಳಿದ ಕತೆ. ಅದಕ್ಕೆ ಹಿಂದಿರುಗಿ ನೋಡುವವನ ನೋವಿದೆ.

ಪದಗಳೂ ಬದಲಾಗುತ್ತಿವೆ. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಯುವತಿಯರ ಅರ್ಜಿಯಲ್ಲಿ, ಇಂಥವರನ್ನು ‘ಸರಿಪಡಿಸುವ’ ಚಿಕಿತ್ಸೆಗಳನ್ನು ನಿಷೇಧಿಸಲು ಹೇಳಿದರು. ತೀರ್ಪಿಗೆ ಮೊದಲು, ತಮಗೆ ವಿಷಯ ತಿಳಿಯದೆಂದು ಒಪ್ಪಿ, ತಾವೇ ಆಪ್ತಸಮಾಲೋಚಕರ ಮುಂದೆ ಹೋಗಿ ಕೂತರು. ಕೋರ್ಟಿನ ಒತ್ತಾಯದಿಂದ ತಮಿಳುನಾಡು ಸರ್ಕಾರ 2022ರ ಆಗಸ್ಟ್‌ನಲ್ಲಿ, ಘನತೆಯಿಂದ ಕರೆಯಲು ತಕ್ಕ ಪದಗಳ ಪಟ್ಟಿಯನ್ನು ಗೆಜೆಟ್‌ನಲ್ಲಿ ಅಚ್ಚು ಹಾಕಿಸಿತು. ‘ತನ್‌ಪಾಲೀರ್ಪ್ಪು’ ಎಂಬ ಪದ ಈಗ ತಮಿಳು ಬರಹಗಳಲ್ಲಿ ಕಾಣುತ್ತದೆ. ಈರ್ಪ್ಪು ಎಂದರೆ ಸೆಳೆತ. ಕನ್ನಡದಲ್ಲೂ ಕೆಲವರು ‘ಸಲಿಂಗಪ್ರೇಮ’ ಎಂದು ಬರೆಯುತ್ತಿದ್ದಾರೆ. ಬಲ್ಬಿನ ಕೆಳಗಿನ ಆ ಕೈಗೆ ಈ ಪದಗಳು ಸ್ವಲ್ಪ ಹತ್ತಿರ ಬಂದಿವೆ.

ಹೋದ ಬೇಸಿಗೆ ಅಕ್ಕನ ಮಗ ನನ್ನ ಕಪಾಟು ತಡಕಾಡುವಾಗ ಆ ಕ್ಯಾಲೆಂಡರ್ ಬೈಂಡಿನ ಪುಸ್ತಕ ಅವನ ಕೈಗೆ ಸಿಕ್ಕಿತು. ಹನ್ನೊಂದನೇ ಕ್ಲಾಸಿನ ಹುಡುಗ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಗಡಿಯ ಶಾಲೆಗಳಲ್ಲೂ ತಮಿಳು ಕಡ್ಡಾಯವಾಯಿತು. ಅವನಿಗೆ ಕನ್ನಡ ಮನೆಮಾತು, ಅಕ್ಷರ ಮಾತ್ರ ಬಾರದು. “ಏನಿದು ಮಾವ, ಅಟ್ಟೆ ಮೇಲೆ ಹೆಸರೇ ಇಲ್ಲ?” ಅಂದ. ಜಗಲಿಯಲ್ಲಿ ಕೂರಿಸಿಕೊಂಡು ಸೈಕಲ್ಲಿನ ಕತೆಯನ್ನು ಗಟ್ಟಿಯಾಗಿ ಓದಿದೆ. ಅಕ್ಕ ಒಳಗೆ ಸೊಪ್ಪು ಬಿಡಿಸುತ್ತಿದ್ದವಳು ಸದ್ದಿಲ್ಲದೆ ಬಾಗಿಲಿಗೆ ಬಂದು ಕೂತಳು.

ಮುಗಿದ ಮೇಲೆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇನ್ನೊಂದ್ಸಲ ಓದು ಮಾವ. ನಮ್ಮ ಕ್ಲಾಸಲ್ಲಿ ಒಬ್ಬ ಇದಾನೆ, ಅವನಿಗೆ ಕನ್ನಡ ಬರಲ್ಲ. ನಾನು ತಮಿಳಲ್ಲಿ ಹೇಳ್ಬೇಕು,” ಅಂದ.

ನಾನು ಬೈಂಡಿನ ಹಾಳೆ ತೆಗೆದು ಪಕ್ಕಕ್ಕಿಟ್ಟು, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದೆ.